ಕೀಲಿ ಅಲ್ಲಿ, ಕೀಲಿಕೈ ಇಲ್ಲಿ

ಪರೀಕ್ಷೆಯ ಫಲಿತಾಂಶ ಬಂತು, ಸೀಟು ಹಂಚಿಕೆ ಮುಗಿಯಿತು, ಮಗಳಿಗೋ ಮಗನಿಗೋ ಕಂಪ್ಯೂಟರ್ ವಿಭಾಗದಲ್ಲಿ ಪ್ರವೇಶವೂ ಸಿಕ್ಕಿತು. ಅಲ್ಲಿಂದ ಮುಂದೆ ನಿಪ್ಪಾಣಿಯ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ‘ಲ್ಯಾಪ್‌ಟಾಪ್ ಎಷ್ಟರದ್ದು ತರಬೇಕ್ರಿ?’ ಅಂಗಡಿಯವರು ಒಂದು ಬೆಲೆ ಹೇಳುತ್ತಾರೆ. ಪುಣೆಯಲ್ಲಿ ನೌಕರಿ ಮಾಡುವ ದೊಡ್ಡಪ್ಪನ ಮಗ ಫೋನಿನಲ್ಲಿ ಅದರ ಎರಡು ಪಟ್ಟು ಹೇಳುತ್ತಾನೆ. ಗೆಳೆಯರ ಬಳಗ ಮೂರನೆಯ ಬೆಲೆ ಹೇಳುತ್ತದೆ. ಕೊನೆಗೆ ತಂದೆ ಪತ್ತಿನ ಸೊಸೈಟಿಯ ಮೆಟ್ಟಿಲು ಹತ್ತುತ್ತಾರೆ.

ಸಾಲದ ಅರ್ಜಿಗೆ ಸಹಿ ಹಾಕುವ ಮುನ್ನ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಓದು ಮುಗಿಸಿದ ಮೇಲೆ ಈ ಮಕ್ಕಳು ಕೆಲಸ ಮಾಡುವುದು ಯಾವ ಯಂತ್ರದ ಮೇಲೆ? ಬಹಳಷ್ಟು ನೌಕರಿಗಳಲ್ಲಿ ಆ ಯಂತ್ರ ಅವರ ಮೇಜಿನ ಮೇಲೆ ಇರುವುದೇ ಇಲ್ಲ. ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟು, ವಿಶ್ವವಿದ್ಯಾಲಯದ ಫಲಿತಾಂಶ ಇವೆಲ್ಲ ಎಲ್ಲೋ ದೂರದ ತಣ್ಣನೆಯ ಕೋಣೆಯಲ್ಲಿ ಸಾಲಾಗಿ ಜೋಡಿಸಿಟ್ಟ ಯಂತ್ರಗಳಲ್ಲಿ ಇರುತ್ತವೆ. ಇವೇ ಸರ್ವರುಗಳು. ಸಾಮಾನ್ಯವಾಗಿ ಅವಕ್ಕೆ ಪರದೆಯಿಲ್ಲ, ಕೀಬೋರ್ಡ್ ಇಲ್ಲ, ಎದುರಿಗೆ ಕೂರಲು ಕುರ್ಚಿಯೂ ಇಲ್ಲ. ಅವುಗಳನ್ನು ನಡೆಸುವವರು ನೂರಾರು ಕಿಲೋಮೀಟರ್ ದೂರದಲ್ಲಿ ಕುಳಿತು ಒಂದೊಂದೇ ಸಾಲು ಆಜ್ಞೆ ಬೆರಳಚ್ಚಿಸುತ್ತಾರೆ. ಇದಕ್ಕೇ ‘ಕಮಾಂಡ್ ಲೈನ್’ ಎಂದು ಹೆಸರು. ಕಪ್ಪು ಪರದೆ, ಬಿಳಿ ಅಕ್ಷರ. ನೋಡಲು ಏನೂ ಚೆಂದವಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ ‘ಪರಮ್ ಪ್ರವೇಗ’ ಎಂಬ ಸೂಪರ್ ಕಂಪ್ಯೂಟರನ್ನೇ ತೆಗೆದುಕೊಳ್ಳಿ. ಅದರ ಸಾಮರ್ಥ್ಯ 3.3 ಪೆಟಾಫ್ಲಾಪ್. ನಮ್ಮ ಎಣಿಕೆಯಲ್ಲಿ ಹೇಳುವುದಾದರೆ ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕ! ಅಂಥ ದೈತ್ಯನ ಮುಂದೆ ಕೂರಲು ಸಂಶೋಧಕರು ಕೋಣೆಯೊಳಗೆ ಹೋಗುವುದಿಲ್ಲ. ತಮ್ಮ ತಮ್ಮ ಮೇಜಿನಿಂದಲೇ ಇದೇ ಕಪ್ಪು ಪರದೆಯ ಮೂಲಕ ಲೆಕ್ಕ ಒಪ್ಪಿಸಿ, ಸರದಿ ಬಂದು ಉತ್ತರ ಸಿದ್ಧವಾದಾಗ ತೆಗೆದುಕೊಳ್ಳುತ್ತಾರೆ. ಒಪ್ಪಿಸುವ ಯಂತ್ರ ಹಳೆಯದಿದ್ದರೂ ನಡೆಯುತ್ತದೆ, ಯಾಕೆಂದರೆ ದುಡಿಮೆಯೆಲ್ಲ ಆ ಕಡೆಯದು.

ಈ ಕಡೆ ಬೇಕಾದುದು ಎಷ್ಟು ಕಡಿಮೆ ಎಂಬುದಕ್ಕೆ ಸಣ್ಣದೊಂದು ಲೆಕ್ಕ. ಹಳೆಯ ಪದ್ಧತಿಯ ಪರದೆಯಲ್ಲಿ ಸಾಲಿಗೆ 80 ಅಕ್ಷರ, ಒಟ್ಟು 25 ಸಾಲು. ಇಡೀ ಪರದೆ ತುಂಬಿದರೂ 2,000 ಅಕ್ಷರ, ಅಂದರೆ ಎರಡು ಕಿಲೋಬೈಟ್. ಅದೇ ಈಗಿನ ಸಾಧಾರಣ ಪರದೆಯ ಚಿತ್ರವನ್ನು ಚುಕ್ಕಿ ಚುಕ್ಕಿಯಾಗಿ ಕಳಿಸಹೊರಟರೆ, ಒತ್ತಿ ಚಿಕ್ಕದು ಮಾಡದೆ, 62 ಲಕ್ಷ ಬೈಟು ಬೇಕು. ಮೂರು ಸಾವಿರ ಪಟ್ಟು! ಮಳೆಗಾಲದಲ್ಲಿ ಇಂಟರ್‌ನೆಟ್ ಕುಂಟುತ್ತಿರುವಾಗ ವಿಡಿಯೊ ಪಾಠ ನಿಂತುಹೋಗುತ್ತದೆ. ಅಕ್ಷರಗಳು ಮಾತ್ರ ಹೇಗೋ ತೂರಿಕೊಂಡು ಹೋಗುತ್ತವೆ.

ನಿಧಾನದ ತಂತಿಯ ಕೂಸುಗಳು

ಈ ಸಲಕರಣೆಗಳು ಬಡ ಊರುಗಳ ಮೇಲಿನ ಕನಿಕರದಿಂದ ಹುಟ್ಟಿದವಲ್ಲ. ಅವುಗಳನ್ನು ಮಾಡಿದವರಿಗೇ ಆಗ ಗತಿಯಿರಲಿಲ್ಲ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯೂನಿಕ್ಸ್ ಎಂಬ ಕಾರ್ಯವ್ಯವಸ್ಥೆ ಹುಟ್ಟಿದಾಗ ಅದರ ಎದುರಿಗಿದ್ದುದು ಟೆಲಿಪ್ರಿಂಟರ್ ಜಾತಿಯ ಯಂತ್ರ. ಒಂದೊಂದು ಗುಂಡಿಯನ್ನೂ ಬಲವಾಗಿ ಒತ್ತಬೇಕು, ಉತ್ತರ ಕಾಗದದ ಮೇಲೆ ಟಕಟಕ ಎಂದು ಮುದ್ರಣವಾಗಬೇಕು. ಕೈ ನೋಯಿಸಿಕೊಳ್ಳುವವರು ಯಾರು? ಪಟ್ಟಿ ತೋರಿಸು ಎನ್ನಲು ‘ಎಲ್‌ಎಸ್’, ನಕಲು ಮಾಡು ಎನ್ನಲು ‘ಸಿಪಿ’, ಸ್ಥಳ ಬದಲಿಸು ಎನ್ನಲು ‘ಎಂವಿ’. ಎರಡೆರಡು ಅಕ್ಷರದ ಈ ಜಿಪುಣತನ ಇಂದಿಗೂ ಉಳಿದು ಬಂದಿದೆ.

‘ವಿಐ’ ಎಂಬ ಪಠ್ಯ ತಿದ್ದುವ ಸಲಕರಣೆಯ ಕಥೆ ಇನ್ನೂ ಸ್ವಾರಸ್ಯದ್ದು. 1976ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಬಿಲ್ ಜಾಯ್ ಅದನ್ನು ಬರೆದ. ಮನೆಯಿಂದ ಅವನು ಕೆಲಸ ಮಾಡುತ್ತಿದ್ದುದು 300 ಬಾಡ್ ವೇಗದ ಮೋಡೆಮ್ ಮೂಲಕ. ಸೆಕೆಂಡಿಗೆ ಸುಮಾರು 30 ಅಕ್ಷರ ಎಂದಿಟ್ಟುಕೊಂಡರೆ ಒಂದು ಪರದೆ ತುಂಬಲು ಒಂದು ನಿಮಿಷಕ್ಕಿಂತ ಹೆಚ್ಚು. ಆದ್ದರಿಂದ ಸಾಲು ಅಳಿಸಲು ಎರಡು ಸಲ ‘ಡಿ’, ಮುಂದಿನ ಪದಕ್ಕೆ ಹೋಗಲು ಒಂದು ‘ಡಬ್ಲ್ಯು’. ಇಷ್ಟರಲ್ಲೇ ಕೆಲಸ ಮುಗಿಯಬೇಕು. ಇದರ ಮಾದರಿಯಲ್ಲಿ ನೆದರ್ಲೆಂಡ್ಸಿನ ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದ ‘ವಿಮ್’ ಅನ್ನು ಇವತ್ತಿಗೂ ಜಗತ್ತಿನ ತುಂಬ ಬಳಸುತ್ತಾರೆ. ಮೊದಲ ದಿನ ಅದರಿಂದ ಹೊರಗೆ ಬರುವುದು ಹೇಗೆಂದು ತಿಳಿಯದೆ ಕಂಗಾಲಾಗದ ವಿದ್ಯಾರ್ಥಿಯೇ ಇಲ್ಲ. (ಎಸ್ಕೇಪ್ ಒತ್ತಿ, ಕೋಲನ್ ಚಿಹ್ನೆ ಹಾಕಿ, ‘ಕ್ಯು’ ಮತ್ತು ಉದ್ಗಾರ ಚಿಹ್ನೆ ಬರೆದು ಎಂಟರ್ ಒತ್ತಿದರೆ, ತಿದ್ದಿದ್ದನ್ನು ಉಳಿಸದೆ ಹೊರಗೆ ಬರಬಹುದು.) ಹೊಸಬರಿಗೆ ‘ನ್ಯಾನೊ’ ಎಂಬ ಸರಳ ಸಲಕರಣೆ ಸಾಕು. ಅದರಲ್ಲಿ ಏನು ಒತ್ತಬೇಕೆಂಬುದು ಪರದೆಯ ಕೆಳಗೇ ಬರೆದಿರುತ್ತದೆ.

ಕರ್ನಾಟಕಕ್ಕೆ ಈ ದೂರದ ದುಡಿಮೆ ಬಂದದ್ದು 1985ರಲ್ಲಿ. ಆ ವರ್ಷ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದು, ಹೊರದೇಶದ ತನ್ನ ಯಂತ್ರಗಳೊಡನೆ ಮಾತಾಡಲು ಉಪಗ್ರಹ ಸಂಪರ್ಕವನ್ನೇ ಜೋಡಿಸಿಕೊಂಡಿತು. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಸಂಕೇತ ಮೇಲೇರಿ, ಕೆಳಗಿಳಿದು, ಉತ್ತರ ಮತ್ತೆ ಅದೇ ದಾರಿಯಲ್ಲಿ ಬರುವಷ್ಟರಲ್ಲಿ ಅರ್ಧ ಸೆಕೆಂಡು. ಈಗ ಬಾಡಿಗೆಗೆ ಸಿಗುವ ಸರ್ವರುಗಳು ಮುಂಬಯಿ, ಪುಣೆಗಳಲ್ಲೇ ಇವೆ. ನಿಪ್ಪಾಣಿಯಿಂದ ಮುಂಬಯಿ ನೇರ ಗೆರೆಯಲ್ಲಿ ಸುಮಾರು 340 ಕಿಲೋಮೀಟರ್. ಗಾಜಿನೆಳೆಯಲ್ಲಿ ಬೆಳಕು ಸೆಕೆಂಡಿಗೆ 2 ಲಕ್ಷ ಕಿಲೋಮೀಟರ್ ಓಡುತ್ತದೆ. ದಾರಿಯ ಸುತ್ತುಬಳಸು, ನಡುನಡುವಿನ ಯಂತ್ರಗಳ ತಡ ಎಲ್ಲ ಸೇರಿಸಿದರೂ ಒತ್ತಿದ ಅಕ್ಷರ ಕಣ್ಣಿಗೆ ಬೀಳುವುದು ರೆಪ್ಪೆ ಬಡಿಯುವುದರೊಳಗೆ.

ವಖಾರಿಗೆ ಹಾಕಿದ ಕೀಲಿ

ದೂರದ ಯಂತ್ರದೊಳಗೆ ಹೋಗುವ ಬಾಗಿಲಿನ ಹೆಸರು ‘ಎಸ್‌ಎಸ್‌ಎಚ್’. ಅದಕ್ಕಿಂತ ಮುಂಚೆ ‘ಟೆಲ್ನೆಟ್’ ಇತ್ತು. ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಸಹ ಬರೆದದ್ದು ಬರೆದ ಹಾಗೆಯೇ ತಂತಿಯಲ್ಲಿ ಹೋಗುತ್ತಿತ್ತು. ಪೋಸ್ಟ್ ಕಾರ್ಡಿನ ಮೇಲೆ ಬ್ಯಾಂಕಿನ ಗುಟ್ಟು ಬರೆದು ಕಳಿಸಿದಂತೆ, ಅಂಚೆಯಣ್ಣನಿಂದ ಹಿಡಿದು ಎಲ್ಲರೂ ಓದಬಹುದು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕುಳಿತು ಹೀಗೆಯೇ ಪಾಸ್‌ವರ್ಡುಗಳನ್ನು ಓದಿಕೊಂಡರು. ಅದನ್ನು ಕಂಡ ಅಲ್ಲಿನ ಸಂಶೋಧಕ ತಾತು ಯುಲೋನೆನ್ ಅದೇ ವರ್ಷ, ಹೋಗಿಬರುವ ಮಾತನ್ನೆಲ್ಲ ಗೂಢಲಿಪಿಯಲ್ಲಿ ಕಟ್ಟಿ ಕಳಿಸುವ ಎಸ್‌ಎಸ್‌ಎಚ್ ಬರೆದು ಹಂಚಿದ. ಕಡತ ಸಾಗಿಸುವ ಎಫ್‌ಟಿಪಿಯ ಬಾಗಿಲು ಸಂಖ್ಯೆ 21, ಟೆಲ್ನೆಟ್‌ನದು 23. ನಡುವಿನ 22 ಖಾಲಿಯಿತ್ತು. ಅದು ಇವನಿಗೆ ಸಿಕ್ಕಿತು! 1999ರಲ್ಲಿ ಓಪನ್‌ಬಿಎಸ್‌ಡಿ ತಂಡದವರು ಹೊರತಂದ ‘ಓಪನ್ ಎಸ್‌ಎಸ್‌ಎಚ್’ ಎಂಬ ಉಚಿತ ಆವೃತ್ತಿಯನ್ನೇ ಈಗ ಬಹುಪಾಲು ಎಲ್ಲೆಡೆ ಬಳಸುತ್ತಾರೆ. 2018ರಿಂದ ವಿಂಡೋಸ್ 10ರಲ್ಲೂ ಅದು ಸೇರಿಕೊಂಡಿದೆ.

ಎಸ್‌ಎಸ್‌ಎಚ್ ಕಲಿಯುವ ಮಕ್ಕಳು ಎಡವುವ ಜಾಗವೊಂದಿದೆ. ‘ಪಬ್ಲಿಕ್ ಕೀ’, ‘ಪ್ರೈವೇಟ್ ಕೀ’ ಎಂದು ಇಂಗ್ಲಿಷಿನಲ್ಲಿ ಎರಡಕ್ಕೂ ಕೀ ಎಂದೇ ಹೆಸರು. ಯಾವುದನ್ನು ಕೊಡಬೇಕು, ಯಾವುದನ್ನು ಬಚ್ಚಿಡಬೇಕು ಎಂಬ ಗೊಂದಲ ಅಲ್ಲಿಂದ ಶುರು. ನಿಪ್ಪಾಣಿ ಸೀಮೆಯ ಮಾತಿನಲ್ಲಿ ಈ ಗೊಂದಲವೇ ಇಲ್ಲ. ಬಾಗಿಲಿಗೆ ಹಾಕುವುದು ಕೀಲಿ, ತೆಗೆಯುವುದು ಕೀಲಿಕೈ. ತಂಬಾಕಿನ ವಖಾರಿಗಳ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ‘ಎಸ್‌ಎಸ್‌ಎಚ್-ಕೀಜೆನ್’ ಎಂಬ ಆಜ್ಞೆ ಕೊಟ್ಟರೆ ಮನೆಯ ಕಂಪ್ಯೂಟರಿನಲ್ಲೇ ಕೀಲಿಯೂ ಕೀಲಿಕೈಯೂ ಜೋಡಿಯಾಗಿ ತಯಾರಾಗುತ್ತವೆ. ಕೀಲಿಯನ್ನು, ಅಂದರೆ ಕೊನೆಯಲ್ಲಿ ‘ಡಾಟ್ ಪಬ್’ ಎಂದಿರುವ ಕಡತವನ್ನು, ದೂರದ ವಖಾರಿಗೆ ಕಳಿಸಿ ಬಾಗಿಲಿಗೆ ಹಾಕಿಸಬೇಕು. ಅದನ್ನು ಯಾರು ನೋಡಿದರೂ ಚಿಂತೆಯಿಲ್ಲ. ಬೇಕಾದರೆ ಹತ್ತು ವಖಾರಿಗಳಿಗೆ ಅದೇ ಕೀಲಿ ಹಾಕಬಹುದು. ಕೀಲಿಕೈ ಮಾತ್ರ ಮನೆ ಬಿಟ್ಟು ಹೊರಡಕೂಡದು. ಒಳಹೋಗುವಾಗಲೂ ಅದು ತಂತಿಯಲ್ಲಿ ಪ್ರಯಾಣ ಮಾಡುವುದಿಲ್ಲ. ಈ ಕೀಲಿ ತೆಗೆಯುವ ಕೈ ತನ್ನ ಬಳಿ ಇದೆ ಎಂದು ಮನೆಯ ಯಂತ್ರ ಗಣಿತದ ಮೂಲಕ ಸಾಬೀತು ಮಾಡುತ್ತದೆ, ಅಷ್ಟೆ.

ಕೀಲಿಕೈಯನ್ನು ವಾಟ್ಸ್ಯಾಪಿನಲ್ಲಿ ಗೆಳೆಯನಿಗೆ ಕಳಿಸುವುದು, ಪ್ರಾಜೆಕ್ಟಿನ ಕಡತಗಳ ಜೊತೆ ಅದನ್ನೂ ಸೇರಿಸಿ ಇಂಟರ್‌ನೆಟ್ಟಿನಲ್ಲಿ ಸಾರ್ವಜನಿಕವಾಗಿ ಹಾಕಿಬಿಡುವುದು, ಇವೆರಡೂ ವಿದ್ಯಾರ್ಥಿಗಳು ಮೇಲಿಂದ ಮೇಲೆ ಮಾಡುವ ತಪ್ಪುಗಳು. ಕಂಪ್ಯೂಟರ್ ಕಳುವಾದರೂ ಕೀಲಿಕೈ ಕೆಲಸಕ್ಕೆ ಬರಬಾರದೆಂದರೆ ಅದನ್ನು ತಯಾರಿಸುವಾಗ ಕೇಳುವ ಗುಪ್ತವಾಕ್ಯವನ್ನು ಖಾಲಿ ಬಿಡಬಾರದು.

ಇನ್ನೊಂದು ಮಾತು. ಹೊಸ ಯಂತ್ರಕ್ಕೆ ಮೊದಲ ಸಲ ಹೋದಾಗ ಎಸ್‌ಎಸ್‌ಎಚ್ ಆ ಯಂತ್ರದ ‘ಬೆರಳಚ್ಚು’ ತೋರಿಸಿ, ಇದು ಸರಿಯೇ ಎಂದು ಕೇಳುತ್ತದೆ. ನೂರಕ್ಕೆ ತೊಂಬತ್ತೊಂಬತ್ತು ಮಂದಿ ಓದದೆ ‘ಎಸ್’ ಎಂದು ಬರೆದು ಮುಂದೆ ಹೋಗುತ್ತಾರೆ. ಸರ್ವರ್ ನೋಡಿಕೊಳ್ಳುವವರಿಂದ ಆ ಬೆರಳಚ್ಚನ್ನು ಮೊದಲೇ ತರಿಸಿಕೊಂಡು ತಾಳೆ ನೋಡುವುದು ಎರಡು ನಿಮಿಷದ ಕೆಲಸ. ಮುಂದೊಂದು ದಿನ ಬೆರಳಚ್ಚು ಬದಲಾಗಿದೆ ಎಂದು ಅದು ಕೂಗಿ ಎಚ್ಚರಿಸಿದರೆ ಕಾರಣ ತಿಳಿಯುವ ತನಕ ಒಳಗೆ ಹೋಗದಿರುವುದೇ ವಾಸಿ.

ಕರೆಂಟು ಹೋದರೆ?

ಈಗ ಪಾಲಕರಿಗೂ ಅರ್ಥವಾಗುವ ಸಂಕಟಕ್ಕೆ ಬರೋಣ. ಕೊನೆಯ ವರ್ಷದ ಹುಡುಗಿಯೊಬ್ಬಳು ಪ್ರಾಜೆಕ್ಟಿಗಾಗಿ ದೂರದ ಸರ್ವರಿನಲ್ಲಿ ಹತ್ತು ಗಂಟೆ ನಡೆಯುವ ಲೆಕ್ಕವೊಂದನ್ನು ಹಚ್ಚಿ ಕುಳಿತಿದ್ದಾಳೆ ಎಂದುಕೊಳ್ಳಿ. ಎಂಟನೆಯ ಗಂಟೆಗೆ ಮನೆಯಲ್ಲಿ ಕರೆಂಟು ಹೋಯಿತು, ಅದರ ಹಿಂದೆಯೇ ಇಂಟರ್‌ನೆಟ್ಟೂ ಹೋಯಿತು. ಸರ್ವರಿಗೆ ಏನೂ ಆಗಿಲ್ಲ, ಅದು ಮುಂಬಯಿಯಲ್ಲಿ ಜನರೇಟರಿನ ಆಸರೆಯಲ್ಲಿ ಸುಖವಾಗಿದೆ. ಆದರೆ ತನಗೆ ಆಜ್ಞೆ ಕೊಟ್ಟವರು ಎದ್ದು ಹೋದರು ಎಂದು ತಿಳಿದು ಅದು ಸಾಮಾನ್ಯವಾಗಿ ಅವರು ಹಚ್ಚಿದ ಕೆಲಸವನ್ನೂ ನಿಲ್ಲಿಸಿಬಿಡುತ್ತದೆ. ಎಂಟು ಗಂಟೆಯ ದುಡಿಮೆ ನೀರುಪಾಲು. ಬೆಳಗಾದರೆ ಪ್ರಾಜೆಕ್ಟ್ ಒಪ್ಪಿಸುವ ದಿನ!

ಇದಕ್ಕೆ ಮದ್ದು ಬಹಳ ಹಿಂದೆಯೇ ಸಿಕ್ಕಿದೆ. 1987ರಲ್ಲಿ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದವರು ‘ಸ್ಕ್ರೀನ್’ ಎಂಬ ಸಲಕರಣೆ ಮಾಡಿದರು. 2007ರಲ್ಲಿ ನಿಕೊಲಸ್ ಮ್ಯಾರಿಯಟ್ ಅದೇ ಜಾಡಿನಲ್ಲಿ ‘ಟಿಮಕ್ಸ್’ ಬರೆದ. ಸರ್ವರಿನ ಒಳಗೆ ಹೋದೊಡನೆ ‘ಟಿಮಕ್ಸ್’ ಎಂದು ಬರೆದರೆ ಅಲ್ಲೇ ಒಂದು ಕೋಣೆ ತೆರೆದುಕೊಳ್ಳುತ್ತದೆ. ಅದರಲ್ಲಿ ಕೆಲಸ ಹಚ್ಚಿ, ಕಂಟ್ರೋಲ್ ಜೊತೆ ‘ಬಿ’ ಒತ್ತಿ, ಕೈ ಬಿಟ್ಟು, ‘ಡಿ’ ಒತ್ತಿದರೆ ಹೊರಗೆ ಬರಬಹುದು. ಕೋಣೆಯ ಕೆಲಸ ನಡೆದೇ ಇರುತ್ತದೆ. ಹೊರಗೆ ಬರುವ ಮೊದಲೇ ಕರೆಂಟು ಹೋದರೂ ಚಿಂತೆಯಿಲ್ಲ. ಮಾರನೆಯ ದಿನ ‘ಟಿಮಕ್ಸ್ ಅಟ್ಯಾಚ್’ ಎಂದರೆ ಬಿಟ್ಟಲ್ಲಿಂದ ಪರದೆ ಕಣ್ಣೆದುರು ನಿಲ್ಲುತ್ತದೆ. ಬೇಕಿದ್ದರೆ ಬೇರೆ ಕಂಪ್ಯೂಟರಿನಿಂದ, ಫೋನಿನಿಂದಲೂ ನೋಡಬಹುದು. ದೂರದ ಯಂತ್ರದ ಮೇಲೆ ದುಡಿಯುವವರು ಒಂದೇ ಒಂದು ಸಲಕರಣೆ ಕಲಿಯಲು ಸಮಯವಿದೆ ಎಂದರೆ ಇದನ್ನೇ ಕಲಿಯಬೇಕು. ಒಂದು ಮಿತಿಯಿದೆ: ಸರ್ವರೇ ಆರಿ ಹೊತ್ತಿಕೊಂಡರೆ ಕೋಣೆಯೂ ಹೋಗುತ್ತದೆ. ಪರಮ್ ಪ್ರವೇಗದಂಥ ಹಂಚಿಕೆಯ ಯಂತ್ರಗಳಲ್ಲಂತೂ ದೊಡ್ಡ ಲೆಕ್ಕವನ್ನು ಸರದಿಗೇ ಒಪ್ಪಿಸಬೇಕು.

ಎದುರಿಗೆ ಇಲ್ಲದೆಯೂ ಕೆಲಸ ನಡೆಯುವಂತೆ ಆಜ್ಞೆಗಳನ್ನು ಅಲ್ಲೇ ಇಟ್ಟು ಬರುವ ಈ ಉಪಾಯದ ಭವ್ಯ ರೂಪ ಕಂಡದ್ದು 2014ರ ಸೆಪ್ಟೆಂಬರ್ 24ರಂದು. ಅಂದು ಮಂಗಳಯಾನ ಮಂಗಳನ ಕಕ್ಷೆ ಸೇರಿತು. ಭೂಮಿಯಿಂದ ಅಲ್ಲಿಗೆ ಸಂಕೇತ ಮುಟ್ಟಲು 12 ನಿಮಿಷಕ್ಕೂ ಹೆಚ್ಚು ಹೊತ್ತು ಬೇಕಿತ್ತು. ‘ಈಗ ಎಂಜಿನ್ ಉರಿಸು’ ಎಂದು ಬೆಂಗಳೂರಿನಿಂದ ಹೇಳಿ ಉತ್ತರಕ್ಕೆ ಕಾಯುವ ಹಾಗಿರಲಿಲ್ಲ. ಇಸ್ರೊ ವಿಜ್ಞಾನಿಗಳು ಯಾವ ಹೊತ್ತಿಗೆ ಏನು ಮಾಡಬೇಕೆಂಬ ಆಜ್ಞೆಗಳನ್ನು ದಿನಗಳ ಮುಂಚೆಯೇ ನೌಕೆಗೆ ಕಳಿಸಿಟ್ಟಿದ್ದರು. ಆ ಕ್ಷಣದಲ್ಲಿ ಅವರು ಮಾಡಬೇಕಾಗಿದ್ದುದು ಕಾಯುವುದೊಂದೇ.

ಬಸ್ಸಿನಲ್ಲಿ ಕೂತು ಕೆಲಸ ಮಾಡುವವರಿಗಾಗಿ ‘ಮಾಶ್’ ಎಂಬ ಮತ್ತೊಂದು ಸಲಕರಣೆಯಿದೆ. 2012ರಲ್ಲಿ ಅಮೆರಿಕದ ಎಂಐಟಿಯಲ್ಲಿ ಮಾಡಿದ್ದು. ನಿಪ್ಪಾಣಿಯಿಂದ ಕೊಲ್ಹಾಪುರದ ಕಡೆ ಹೊರಟರೆ ಕೊಗನೊಳ್ಳಿ ದಾಟುತ್ತಲೇ ಗಡಿ. ಊರ ಮಕ್ಕಳು ಓದುವ ದೇವಚಂದ ಕಾಲೇಜು ಇರುವ ಅರ್ಜುನನಗರವೇ ಕೊಲ್ಹಾಪುರ ಜಿಲ್ಲೆಯದು. ಗಡಿಯಲ್ಲಿ ಫೋನು ಒಂದು ರಾಜ್ಯದ ಗೋಪುರ ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ. ಹಾಗೆ ಹಿಡಿಯುವಾಗ ಅದರ ಇಂಟರ್‌ನೆಟ್ ವಿಳಾಸ ಬದಲಾದರೆ ಎಸ್‌ಎಸ್‌ಎಚ್ ಸಂಪರ್ಕ ಕಡಿದುಹೋಗುತ್ತದೆ. ಮಾಶ್ ಮಾತ್ರ ಕೈ ಬಿಡದೆ ಹೊಸ ವಿಳಾಸದಿಂದಲೇ ಮಾತು ಮುಂದುವರಿಸುತ್ತದೆ. ಸರ್ವರಿನಲ್ಲೂ ಅದನ್ನು ಹಾಕಿಸಿರಬೇಕು ಎಂಬುದೊಂದು ಷರತ್ತು.

ಕಿರ್ದಿ ತಾಳೆ ನೋಡುವ ಜಾಣ್ಮೆ

ಕಡತಗಳನ್ನು ಆಚೆಗೆ ಸಾಗಿಸುವುದು ಮುಂದಿನ ಕೆಲಸ. ಒಂದೆರಡು ಕಡತಕ್ಕೆ ‘ಎಸ್‌ಸಿಪಿ’ ಸಾಕು. ಇಡೀ ಸಂಗ್ರಹವನ್ನೇ ಕಳಿಸಬೇಕು, ದಿನಾ ಅದರಲ್ಲಿ ಸ್ವಲ್ಪ ಬದಲಾಗುತ್ತದೆ ಎಂದಾದರೆ ‘ಆರ್‌ಸಿಂಕ್’. 1996ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಹೊರತಂದದ್ದು.

ಇದರ ಜಾಣ್ಮೆಯನ್ನು ಅಡತಿ ಅಂಗಡಿಯ ಉದಾಹರಣೆಯಿಂದ ತಿಳಿಯಬಹುದು. ನಿಪ್ಪಾಣಿಯಲ್ಲೊಂದು, ಸಾಂಗ್ಲಿಯಲ್ಲೊಂದು ಅಂಗಡಿ. ಎರಡೂ ಕಡೆ 500 ಪುಟದ ಒಂದೇ ಕಿರ್ದಿ ಪುಸ್ತಕ. ನಿಪ್ಪಾಣಿಯಲ್ಲಿ ಕೆಲವು ಪುಟ ತಿದ್ದಿದ್ದಾರೆ. ಸಾಂಗ್ಲಿಯ ಪುಸ್ತಕವನ್ನು ಸರಿಪಡಿಸಲು ಇಡೀ ಪುಸ್ತಕ ಕಳಿಸಬೇಕೇ? ಸಾಂಗ್ಲಿಯ ಗುಮಾಸ್ತ ಫೋನಿನಲ್ಲಿ ಪ್ರತಿ ಪುಟದ ಕೊನೆಯ ಮೊತ್ತವನ್ನಷ್ಟೇ ಓದುತ್ತಾನೆ. ಮೊತ್ತ ತಾಳೆಯಾದ ಪುಟ ಬಿಟ್ಟು, ಆಗದ ಪುಟಗಳನ್ನು ಮಾತ್ರ ನಿಪ್ಪಾಣಿಯವರು ಕಳಿಸುತ್ತಾರೆ. ಆರ್‌ಸಿಂಕ್ ಮಾಡುವುದೂ ಇಷ್ಟೇ. ಕಡತವನ್ನು ತುಂಡುಗಳಾಗಿ ಎಣಿಸಿ, ಪ್ರತಿ ತುಂಡಿಗೂ ಒಂದು ಚಿಕ್ಕ ಗುರುತುಸಂಖ್ಯೆ ಕಟ್ಟಿ, ಬದಲಾದ ತುಂಡುಗಳನ್ನಷ್ಟೇ ಸಾಗಿಸುತ್ತದೆ. ಟ್ರಿಜೆಲ್ ಅವರ ಜಾಣ್ಮೆ ಎಲ್ಲಿದೆಯೆಂದರೆ, ನಡುವೆ ಹೊಸ ಸಾಲು ಸೇರಿಸಿ ಉಳಿದ ಪುಟಗಳೆಲ್ಲ ಮುಂದಕ್ಕೆ ಸರಿದಿದ್ದರೂ ಅವು ಹಳೆಯವೇ ಎಂದು ಅದು ಗುರುತು ಹಿಡಿಯುತ್ತದೆ. ಒಂದು ಸಾವಿರ ಎಂಬಿಯ ಕಡತದಲ್ಲಿ ಇಪ್ಪತ್ತು ಎಂಬಿ ಬದಲಾದರೆ ಸಾಗುವುದು ಸುಮಾರು ಅಷ್ಟೇ. ದಿನದ ಡೇಟಾ ಮಿತಿಯ ಲೆಕ್ಕದಲ್ಲಿ ಬದುಕುವ ಮನೆಗಳಿಗೆ ಇದು ಸಣ್ಣ ಉಪಕಾರವಲ್ಲ.

ಆದರೆ ಆರ್‌ಸಿಂಕ್‌ಗೆ ಅಳಿಸುವ ಅಧಿಕಾರವನ್ನೂ ಕೊಡಬಹುದು. ಆ ಕಡೆ ಇದ್ದು ಈ ಕಡೆ ಇಲ್ಲದ್ದನ್ನೆಲ್ಲ ಅಳಿಸು ಎಂದಾಗ, ದಿಕ್ಕು ತಿರುಗುಮುರುಗಾದರೆ ಹೊಸದೆಲ್ಲ ಹೋಗಿ ಹಳೆಯದೇ ಉಳಿಯುತ್ತದೆ. ಅದಕ್ಕೇ ಮೊದಲು ಆಜ್ಞೆಯಲ್ಲಿ ‘ಮೈನಸ್ ಎನ್’ ಸೇರಿಸಿ ನೋಡುವುದು ರೂಢಿ. ಆಗ ಅದು ತಾನು ಏನೇನು ಮಾಡಲಿದ್ದೇನೆ ಎಂದು ಪಟ್ಟಿ ಕೊಡುತ್ತದೆ, ಏನನ್ನೂ ಮುಟ್ಟುವುದಿಲ್ಲ.

ಮಿಕ್ಕ ಸಣ್ಣಪುಟ್ಟವು ಬಳಸುತ್ತ ಬಳಸುತ್ತ ಕೈಗೆ ಹತ್ತುತ್ತವೆ. ಡಿಸ್ಕಿನಲ್ಲಿ ಜಾಗ ಎಷ್ಟಿದೆ ಎನ್ನಲು ‘ಡಿಎಫ್’, ಜಾಗ ತಿಂದವರು ಯಾರು ಎನ್ನಲು ‘ಡಿಯು’, ಯಂತ್ರ ಯಾಕೆ ತಿಣುಕುತ್ತಿದೆ ಎಂದು ನೋಡಲು ‘ಟಾಪ್’ ಅಥವಾ ಬಣ್ಣಬಣ್ಣದ ‘ಎಚ್‌ಟಾಪ್’. ದಿನಚರಿ ಕಡತದ ಬಾಲ ಹಿಡಿದು ಹೊಸ ಸಾಲು ಬಂದಂತೆಲ್ಲ ತೋರಿಸಲು ‘ಟೇಲ್ ಮೈನಸ್ ಎಫ್’. ಕೆಟ್ಟುಹೋದ ಸರ್ವರ್ ಕೆಟ್ಟ ಕಾರಣವನ್ನು ಸಾಮಾನ್ಯವಾಗಿ ಅಲ್ಲೇ ಬರೆದಿಟ್ಟಿರುತ್ತದೆ.

ಯಾವ ವಖಾರಿಯಲ್ಲಿ ನಿಂತಿದ್ದೇವೆ?

ಅಳಿಸುವ ಆಜ್ಞೆ ‘ಆರ್‌ಎಂ’. ಕಮಾಂಡ್ ಲೈನಿನಲ್ಲಿ ಕಸದ ಬುಟ್ಟಿಯಿಲ್ಲ, ಅಳಿಸಿದ್ದು ಅಳಿಸಿಯೇ ಹೋಯಿತು. ಜೊತೆಗೆ ದೂರದ ಕೆಲಸಕ್ಕೆ ಅದರದೇ ಒಂದು ಅಪಾಯವಿದೆ: ಎಲ್ಲ ಕಪ್ಪು ಪರದೆಗಳೂ ನೋಡಲು ಒಂದೇ ಥರ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಕಂಪನಿಯ ದಣಿದ ಎಂಜಿನಿಯರೊಬ್ಬರು ಪಕ್ಕದ ಸರ್ವರಿನಲ್ಲಿದ್ದೇನೆಂದು ತಿಳಿದು ಮುಖ್ಯ ಸರ್ವರಿನ ದತ್ತಾಂಶಕ್ಕೇ ಅಳಿಸುವ ಆಜ್ಞೆ ಕೊಟ್ಟರು. ಒಂದೆರಡು ಸೆಕೆಂಡಿನಲ್ಲೇ ತಪ್ಪು ಹೊಳೆದು ತಡೆದರೂ, ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬೇರೆ ಬೇರೆ ರೀತಿಯ ಐದು ರಕ್ಷಣಾ ನಕಲಿನ ಏರ್ಪಾಡುಗಳಿದ್ದರೂ ಆ ಹೊತ್ತಿಗೆ ಯಾವುದೂ ನೆರವಾಗಲಿಲ್ಲ. ಆರು ಗಂಟೆ ಮುಂಚೆ ಬೇರೇನೋ ಪರೀಕ್ಷೆಗೆಂದು ತೆಗೆದಿಟ್ಟಿದ್ದ ಒಂದು ಪ್ರತಿಯಿಂದ ಮಾನ ಉಳಿಯಿತು. ಆ ಆರು ಗಂಟೆಯ ದತ್ತಾಂಶ ಹೋದದ್ದು ಹೋಯಿತು. ಕಂಪನಿ ಇದನ್ನು ಮುಚ್ಚಿಡಲಿಲ್ಲ. ದುರಸ್ತಿಯ ಕೆಲಸವನ್ನು ಇಂಟರ್‌ನೆಟ್ಟಿನಲ್ಲಿ ನೇರವಾಗಿ ತೋರಿಸಿತು, ಆದದ್ದನ್ನೆಲ್ಲ ಬರೆದು ಪ್ರಕಟಿಸಿತು.

ಸಾಲಿನ ಮೊದಲಿಗೆ ಯಂತ್ರದ ಹೆಸರು ಇರುತ್ತದೆ. ಅದನ್ನು ಓದಿ ಆಮೇಲೆ ಆಜ್ಞೆ ಬರೆಯುವ ಅಭ್ಯಾಸ ಮೊದಲ ವಾರದಲ್ಲೇ ಆಗಬೇಕು. ಎಲ್ಲ ಅಧಿಕಾರವುಳ್ಳ ‘ರೂಟ್’ ಹೆಸರಿನಲ್ಲಿ ಸುಮ್ಮನೆ ಕೂರಬಾರದು. ನಕಲು ತೆಗೆದರೆ ಸಾಲದು, ಆ ನಕಲಿನಿಂದ ಕಡತ ಮರಳಿ ಬರುತ್ತದೆಯೇ ಎಂದು ಆಗಾಗ ತೆಗೆದು ನೋಡಬೇಕು.

ಸಣ್ಣ ಸಂಗತಿಯನ್ನು ಗಮನಿಸುವ ಕಣ್ಣು ಎಷ್ಟು ದೊಡ್ಡ ಉಪಕಾರ ಮಾಡಬಲ್ಲದು ಎಂಬುದಕ್ಕೂ ಎಸ್‌ಎಸ್‌ಎಚ್‌ನದೇ ಕಥೆಯಿದೆ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರೋಯಿಂಡ್ ಎಂಬ ಎಂಜಿನಿಯರ್ ಬೇರಾವುದೋ ಪರೀಕ್ಷೆ ಮಾಡುತ್ತಿದ್ದಾಗ ಎಸ್‌ಎಸ್‌ಎಚ್ ಒಳಗೆ ಬಿಡಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎನ್ನಿಸಿತು. ಅರ್ಧ ಸೆಕೆಂಡು ತಾನೇ ಎಂದು ಅವರು ಬಿಡಲಿಲ್ಲ. ಬೆನ್ನು ಹತ್ತಿ ಹೋದಾಗ ‘ಎಕ್ಸ್‌ಜೆಡ್’ ಎಂಬ ಕಡತ ಒತ್ತುವ ಸಲಕರಣೆಯೊಳಗೆ ಕಳ್ಳಬಾಗಿಲು ಸಿಕ್ಕಿತು! ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಗಸ್ತನಂತೆ ನೆರವಾಗುತ್ತ ಬಂದ, ಸುಳ್ಳು ಹೆಸರಿನದೆಂದು ಬಗೆಯಲಾದ ಖಾತೆಯೊಂದರಿಂದ ಅದನ್ನು ಸೇರಿಸಲಾಗಿತ್ತು. ಮಾರ್ಚ್ 29ರಂದು ಫ್ರೋಯಿಂಡ್ ವಿಷಯ ಬಹಿರಂಗ ಮಾಡದೆ ಹೋಗಿದ್ದರೆ ಅದು ಲೋಕದ ಅಸಂಖ್ಯ ಸರ್ವರುಗಳ ಒಳಹೊಕ್ಕುಬಿಡುತ್ತಿತ್ತು.

ಮನೆಯಲ್ಲೇ ಒಂದು ಸರ್ವರ್

ಇದನ್ನೆಲ್ಲ ಕಲಿಯಲು ದುಬಾರಿ ಲ್ಯಾಪ್‌ಟಾಪ್ ಬೇಕಿಲ್ಲ. ನಿಪ್ಪಾಣಿಯಲ್ಲೂ ಚಿಕ್ಕೋಡಿಯಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ, ಅಲ್ಲಿನ ಪ್ರಯೋಗಶಾಲೆಯಲ್ಲಿ ಪಾಠ ನಡೆಯುತ್ತದೆ. ಅಭ್ಯಾಸ ಮಾತ್ರ ಮನೆಯಲ್ಲೇ ಆಗಬೇಕು. ಅಟ್ಟ ಸೇರಿದ ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ಹಾಕಿದರೆ ಅದೇ ಸರ್ವರ್. ಲಿನಕ್ಸ್ ಉಚಿತ, ಅದರಲ್ಲಿ ಓಪನ್ ಎಸ್‌ಎಸ್‌ಎಚ್ ಉಚಿತ. ಅಡಗಿಮನೆಯಲ್ಲಿ ಕುಳಿತು ಫೋನಿನ ‘ಟರ್ಮಕ್ಸ್’ ಎಂಬ ಉಚಿತ ಸಲಕರಣೆಯಿಂದ ಅಟ್ಟದ ಕಂಪ್ಯೂಟರಿನೊಳಗೆ ಹೋಗುವುದಕ್ಕೂ, ಬೆಂಗಳೂರಿನ ಸರ್ವರಿನೊಳಗೆ ಹೋಗುವುದಕ್ಕೂ ಆಜ್ಞೆಯಲ್ಲಿ ವ್ಯತ್ಯಾಸ ವಿಳಾಸದ್ದು ಮಾತ್ರ. ಅಟ್ಟದಲ್ಲಿ ಏನನ್ನು ಅಳಿಸಿದರೂ ಯಾರ ನೌಕರಿಯೂ ಹೋಗುವುದಿಲ್ಲ. 2017ರ ನವೆಂಬರ್‌ನಿಂದೀಚೆಗೆ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ ಎಲ್ಲವೂ ಲಿನಕ್ಸಿನ ಮೇಲೆಯೇ ನಡೆಯುತ್ತಿವೆ ಎಂಬುದನ್ನು ಅಂಗಡಿಯವರಿಗೆ ಹೇಳಿ ನೋಡಬಹುದು.

ಪಾಲಕರು ನಿಜವಾಗಿ ಕಣ್ಣಿಡಬೇಕಾದುದು ಬಾಡಿಗೆ ಸರ್ವರಿನ ಮೇಲೆ. ‘ಮೊದಲು ಉಚಿತ’ ಎನ್ನುವ ಕಂಪನಿಗಳು ಸಾಮಾನ್ಯವಾಗಿ ಬ್ಯಾಂಕ್ ಕಾರ್ಡಿನ ಸಂಖ್ಯೆ ಕೇಳುತ್ತವೆ. ಹಚ್ಚಿದ ಯಂತ್ರವನ್ನು ಆರಿಸಲು ಮರೆತರೆ ಹೊಲದ ಪಂಪಿನ ಮೀಟರಿನಂತೆ ಲೆಕ್ಕ ಓಡುತ್ತಲೇ ಇರುತ್ತದೆ. ಕೀಲಿಕೈ ಕಳ್ಳರ ಕೈ ಸೇರಿದರೆ ಅವರು ನಿಮ್ಮ ಹೆಸರಿನಲ್ಲಿ ಹತ್ತಾರು ಯಂತ್ರ ಹಚ್ಚಬಲ್ಲರು. ಖರ್ಚು ಇಷ್ಟು ಮೀರಿದರೆ ತಿಳಿಸು ಎಂಬ ಎಚ್ಚರಿಕೆಯ ಗೆರೆಯನ್ನು ಮೊದಲ ದಿನವೇ ಹಾಕಿಸಬೇಕು. ಮಗಳ ಪಕ್ಕದಲ್ಲಿ ಕೂತು ಆ ಪುಟ ನೋಡಲು ತಂದೆಗೆ ಕಂಪ್ಯೂಟರ್ ಬರಬೇಕಾಗಿಲ್ಲ. ಅದು ಬರೀ ಖರ್ಚಿನ ಪಟ್ಟಿ.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಇಂಗ್ಲಿಷಿನ ಅಂಜಿಕೆ ಇರುವುದುಂಟು. ವಿವರಣೆಯ ಪುಟಗಳು ಇಂಗ್ಲಿಷಿನಲ್ಲೇ ಇವೆ, ಅದು ನಿಜ. ಆಜ್ಞೆಗಳ ಮಟ್ಟಿಗೆ ಹೇಳುವುದಾದರೆ ‘ಎಲ್‌ಎಸ್’, ‘ಟಿಮಕ್ಸ್’, ‘ಗ್ರೆಪ್’ ಇವು ಇಂಗ್ಲಿಷ್ ಬಲ್ಲವರಿಗೂ ಹೊಸ ಪದಗಳೇ. ಈ ‘ಗ್ರೆಪ್’ ರಾಶಿ ಕಡತಗಳಲ್ಲಿ ಬೇಕಾದ ಪದವಿರುವ ಸಾಲನ್ನು ಹೆಕ್ಕಿ ಕೊಡುವ ಸಲಕರಣೆ. ಯೂನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1973ರ ಸುಮಾರಿಗೆ ಬರೆದದ್ದು. ಅದೇ ಥಾಂಪ್ಸನ್, ರಾಬ್ ಪೈಕ್ ಜೊತೆಗೂಡಿ 1992ರ ಸೆಪ್ಟೆಂಬರ್‌ನಲ್ಲಿ ‘ಯುಟಿಎಫ್-8’ ಎಂಬ ಅಕ್ಷರ ಸಂಕೇತ ಪದ್ಧತಿಯನ್ನು ರೂಪಿಸಿದರು. ಕನ್ನಡದ ಅಕ್ಷರಗಳೂ ಈಗ ಅದರಲ್ಲೇ ಸಂಚರಿಸುತ್ತವೆ. ಆದ್ದರಿಂದ ದೂರದ ಸರ್ವರಿನಲ್ಲಿ ಕಡತಕ್ಕೆ ಕನ್ನಡದಲ್ಲೇ ಹೆಸರಿಡಬಹುದು, ಗ್ರೆಪ್‌ಗೆ ಕನ್ನಡದ ಪದವನ್ನೇ ಕೊಟ್ಟು ಹುಡುಕಿಸಬಹುದು. ಊರಿನ ಹೆಸರು ಹುಡುಕುವಾಗ ಮಾತ್ರ ‘ನಿಪ್ಪಾಣಿ’, ‘ನಿಪಾಣಿ’ ಎರಡನ್ನೂ ಕೊಡಬೇಕು. ಜನ ಎರಡೂ ಥರ ಬರೆಯುತ್ತಾರೆ, ಗ್ರೆಪ್‌ಗೆ ಅವು ಬೇರೆ ಬೇರೆ ಊರು.